ಎಸಿರ್ಕೆಪ್‌ನ ಮೋಟರ್‌ಸೈಕಲ್ಲೂ ಅಳಿಯನ ಮೂರನೆಯ ಹಕ್ಕೂ

ಎಸಿರ್ಕೆಪ್‌ನಿಗೆ ಸಿಟ್ಟು ಬಂದು ಹೋಗುವ ನೆಂಟನಾಗಿರಲಿಲ್ಲ, ಮನೆಯಲ್ಲೇ ಉಂಡು ಮಲಗುವ ಕಾಯಂ ಸದಸ್ಯನಾಗಿತ್ತು. ಕಝಾಕ್ ಬೆಟ್ಟಗಳ ನಡುವಿನ ಸರಿಬುಲಾಕ್ ಹಳ್ಳಿಯ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬುವುದು ಅವನ ಕೆಲಸ. ಬೆಳಿಗ್ಗೆ ಎದ್ದು ಬೂಟಿನ ಮೇಲೆ ರೇಗುತ್ತಿದ್ದ, ಬೂಟು ಕಾಲಿಗೇರಿದ ಮೇಲೆ ಮೇಕೆಯ ಮೇಲೆ ರೇಗುತ್ತಿದ್ದ, ಮೇಕೆ ತಪ್ಪಿಸಿಕೊಂಡರೆ ಬೆಟ್ಟದ ತಲೆಯ ಮೇಲೆ ಸುಮ್ಮನೆ ಕೂತ ಮೋಡಕ್ಕೆ ಬೈಗುಳ. ಹೆಂಡತಿ ಕುಲ್ಯಾಷ್ ಅವನ ಕೂಗಾಟ ನಿಂತಾಗ ಮಾತ್ರ ಏನಾಯಿತೋ ಎಂದು ಹೊರಗೆ ಬಂದು ನೋಡುತ್ತಿದ್ದಳು.

ಇಂಥ ವೀರನಿಗೆ ತಕ್ಕ ವೈರಿ ಸಿಕ್ಕಿದ್ದು ಹಳ್ಳಿಯ ನಿವೃತ್ತ ಪಶುವೈದ್ಯನ ಕೋಳಿಗೂಡಿನಲ್ಲಿ. ಅದೊಂದು ಮುದಿ ಯುರಾಲ್ ಮೋಟರ್‌ಸೈಕಲ್ಲು, ಪಕ್ಕದಲ್ಲಿ ಆಳು ಕೂರುವ ತೊಟ್ಟಿಲು ಇರುವಂಥದು. ತೊಟ್ಟಿಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು, ಹೊಗೆ ಕೊಳವೆಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಎಸಿರ್ಕೆಪ್ ವೈದ್ಯನ ಮನೆಗೆ ಕಬ್ಬಿಣದ ಗೇಟೊಂದನ್ನು ಬೆಸೆದು ಕೊಟ್ಟು, ಬದಲಿಗೆ ಅದನ್ನು ಗಾಡಿಗೆ ಹೇರಿಕೊಂಡು ಬಂದ.

ಮೂರು ಚಳಿಗಾಲ ಅವನ ಕೊಟ್ಟಿಗೆಯಲ್ಲಿ ಮಹಾಯುದ್ಧ ನಡೆಯಿತು. ಪಿಸ್ಟನ್ನುಗಳು ತುಕ್ಕು ಹಿಡಿದು ಸಿಲಿಂಡರಿಗೇ ಅಂಟಿಕೊಂಡಿದ್ದವು. ಸೀಮೆಎಣ್ಣೆ ಕುಡಿಸಿ, ಮರದ ತುಂಡಿಟ್ಟು ಬಡಿದು, ಅವುಗಳ ಅಜ್ಜಿಯವರೆಗೂ ಹೋಗಿ ಬೈದು ಅವನ್ನು ಎಬ್ಬಿಸಿದ. ಬೇರಿಂಗು ಕೂರಿಸಲು ಎಂಜಿನ್ನಿನ ಹೊಟ್ಟೆಯನ್ನು ಕುಲ್ಯಾಷಳ ರೊಟ್ಟಿ ಒಲೆಯಲ್ಲಿಟ್ಟು ಕಾಯಿಸಿದ. ವಾರವಿಡೀ ಮನೆಮಂದಿ ಆಯಿಲು ವಾಸನೆಯ ರೊಟ್ಟಿ ತಿಂದರು. ಬಡಪಾಯಿಯನ್ನು ಬದುಕಿಸಿದ್ದು ಸಾಲದೆಂದು ಅದಕ್ಕೆ ಸಿಂಗಾರ ಬೇರೆ. ಮುಂದಿನ ಚಕ್ರ ಹಿಡಿದ ಕಬ್ಬಿಣದ ಕಾಲುಗಳನ್ನು ಉದ್ದ ಮಾಡಿದ, ಸೀಟಿಗೆ ಕುದುರೆ ಚರ್ಮ ಹೊಲಿದ, ತೊಟ್ಟಿಲಿಗೆ ಮೆತ್ತನೆ ಕಂಬಳಿ ಹಾಸಿದ. ಪೆಟ್ರೋಲ್ ಟ್ಯಾಂಕಿಗೆ ಕಡುನೀಲಿ ಬಣ್ಣ ಬಳಿದು ಕುಲ್ಯಾಷಳ ಕೈಗೆ ಕುಂಚ ಕೊಟ್ಟ. ಅವಳು ಅದರ ಮೇಲೆ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಬೆಳ್ಳಿ ಬಣ್ಣದ ಬಳ್ಳಿ ಬಿಡಿಸಿದಳು. ಗಂಡ ಅದನ್ನು ನೋಡಿ ಏನೂ ಬೈಯಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಪ್ರಶಸ್ತಿ.

ಇಷ್ಟೆಲ್ಲ ನಡೆದದ್ದು ಕೊಟ್ಟಿಗೆಯ ಬಾಗಿಲು ಭದ್ರವಾಗಿ ಮುಚ್ಚಿಕೊಂಡು. ಯಾಕೆಂದರೆ ಊರಿನ ಇನ್ನೊಂದು ತುದಿಯಲ್ಲಿ ಅವನ ಅಕ್ಕ ರಾಬಿಗಾ ಇದ್ದಳು, ಅವಳಿಗೆ ಬಾಗ್ಲಾನ್ ಎಂಬ ಮಗನಿದ್ದ. ಅಕ್ಕನ ಮಗ ತನ್ನ ತಾಯಿಯ ತವರಿನಿಂದ ಬೇಕೆನಿಸಿದ ಮೂರು ವಸ್ತು ಕೇಳಬಹುದು, ಸೋದರಮಾವ ಇಲ್ಲವೆನ್ನುವಂತಿಲ್ಲ. ಈ ರಿವಾಜು ಕಝಾಕರಲ್ಲಿ ಬೆಟ್ಟಗಳಷ್ಟು ಹಳೆಯದು. ಬೇರೆ ಅಳಿಯಂದಿರು ಒಂದು ಕುರಿಮರಿಯನ್ನೋ ಚಾವಟಿಯನ್ನೋ ಕೇಳಿ ನಾಚಿಕೊಂಡು ಸುಮ್ಮನಾಗುತ್ತಿದ್ದರು. ಬಾಗ್ಲಾನ್ ಮಾತ್ರ ಸಂತೆಗೆ ಬಂದವನ ಹಾಗೆ ಬರುತ್ತಿದ್ದ. ಕಂದು ಕುದುರೆ ಹೋಗಿತ್ತು. ಬೇಟೆನಾಯಿ ಹೋಗಿತ್ತು.

ಆದರೆ ಎಂಜಿನ್ನಿಗೆ ಬಾಗಿಲು ತಿಳಿಯುತ್ತದೆಯೇ? ವಸಂತದ ಒಂದು ಭಾನುವಾರ ಅದು ಮೊದಲ ಸಲ ಜೀವ ಹಿಡಿದು ಗುಡುಗಿದ್ದೇ ತಡ, ಇಡೀ ಸರಿಬುಲಾಕ್ ತಲೆ ಎತ್ತಿತು. ಮೊದಲು ಬಂದವನು ಊರ ಹಿರಿಯ ತೊಕ್ಸಾನ್‌ಬಾಯ್ ಅಜ್ಜ. ಬಂದು ಅಂಗಳದ ಬೆಂಚಿನ ಮೇಲೆ ಕೂತು, ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿದ. ಅವನ ಹಿಂದೆಯೇ ಬಾಗ್ಲಾನ್. ಮೂವತ್ತರ ಗುಂಡು ಆಳು, ಮುಖದ ತುಂಬ ಪ್ರೀತಿ.

"ಮಾವ, ಚೆನ್ನಾಗಿದೀರಾ? ಸ್ವಲ್ಪ ಇಳಿದುಹೋದ ಹಾಗೆ ಕಾಣ್ತೀರಿ."

"ನೀನು ಬಂದ್ಯಲ್ಲ. ಇನ್ನೂ ಇಳೀತೀನಿ."

ಬಾಗ್ಲಾನ್ ಟ್ಯಾಂಕನ್ನು ಕುದುರೆಯ ಕತ್ತು ಸವರುವಂತೆ ಸವರಿದ. ಪಟ್ಟಣದಲ್ಲಿ ಒಬ್ಬಾತ ಹೋಟೆಲು ತೆರೆಯುತ್ತಿದ್ದಾನಂತೆ, ಬಾಗಿಲಲ್ಲಿ ನಿಲ್ಲಿಸೋದಕ್ಕೆ ಇಂಥದ್ದೇ ಹುಡುಕುತ್ತಿದ್ದಾನಂತೆ. ಎಂಜಿನ್ ಕಿತ್ತು ಬಿಸಾಡಿದರೂ ಪರವಾಗಿಲ್ಲ, ತೊಟ್ಟಿಲಲ್ಲಿ ಹೂವಿನ ಗಿಡ ನೆಡುತ್ತಾರಂತೆ. ಇದನ್ನೆಲ್ಲ ಬಹಳ ಸಂತೋಷದಿಂದ ವಿವರಿಸಿ, ಕೊನೆಗೆ, "ನಂದು ಇನ್ನೊಂದು ಬಾಕಿ ಇದೆಯಲ್ಲ ಮಾವ," ಎಂದ.

ಹೂವಿನ ಗಿಡ ಎಂಬ ಮಾತಿಗೆ ಎಸಿರ್ಕೆಪ್‌ನ ಕೈಯಲ್ಲಿದ್ದ ಸ್ಪ್ಯಾನರು ತಾನಾಗಿಯೇ ಭುಜದೆತ್ತರಕ್ಕೆ ಏರಿತು. ಅಲ್ಲೇ ನಿಂತಿತು. ಅಕ್ಕನ ಮಗನನ್ನು ಹೊಡೆದ ಕೈ ಸಾಯುವವರೆಗೂ ನಡುಗುತ್ತದೆ. ಅದು ಹಾಲು ಕುಡಿಯುವ ಕೂಸಿಗೂ ಗೊತ್ತು. ನಡುಗುವ ಕೈಯಲ್ಲಿ ಎರಡು ಕಾರ್ಬ್ಯುರೇಟರನ್ನು ಒಂದೇ ತಾಳಕ್ಕೆ ತರುವುದು ಹೇಗೆ? ಸ್ಪ್ಯಾನರು ಇಳಿಯಿತು, ನಾಲಿಗೆ ಎದ್ದಿತು. ಬಾಕಿಯೂ ಇಲ್ಲ, ಬೂದಿಯೂ ಇಲ್ಲ ಎಂದು ಅಬ್ಬರಿಸಿದ. ಕುದುರೆ ಒಂದು, ಅದರ ಜೊತೆ ಹೋದ ಬೆಳ್ಳಿ ಕಟ್ಟಿನ ಜೀನು ಎರಡು, ನಾಯಿ ಮೂರು. ಲೆಕ್ಕ ಮುಗಿಯಿತು.

ಬಾಗ್ಲಾನ್‌ಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು. ಕುದುರೆ ಮತ್ತು ಜೀನು ಒಂದೇ ಎಂದು ಅವನು ಅಜ್ಜನ ಕಡೆ ತಿರುಗಿದ. ಅಜ್ಜ ಕಣ್ಣು ತೆರೆದ.

"ಜೀನು ಗೂಟದ ಮೇಲಿತ್ತೋ, ಕುದುರೆ ಬೆನ್ನ ಮೇಲಿತ್ತೋ?"

"ಬೆನ್ನ ಮೇಲೇ ಅಜ್ಜ. ಪಟ್ಟಿ ಬಿಗಿದು ಕೊಟ್ಟಿದ್ರು."

"ಬಿಗಿದ ಮೇಲೆ ಅದೂ ಇದೂ ಸೇರಿ ಒಂದೇ ವಸ್ತು. ಬಿಚ್ಚಿ ಕೆಳಗಿಟ್ಟಿದ್ರೆ ಬೇರೆ ಮಾತು," ಎಂದು ತೀರ್ಪು ಕೊಟ್ಟು ಅಜ್ಜ ಮತ್ತೆ ಕಣ್ಣು ಮುಚ್ಚಿದ.

ಎಸಿರ್ಕೆಪ್‌ನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಆಮೇಲೆ, ಎಂದೂ ಆಗದ್ದು ಆಯಿತು: ಅವನು ಸುಮ್ಮನಾದ. ಕುಲ್ಯಾಷ್ ಗಾಬರಿಯಿಂದ ಬಾಗಿಲಿಗೆ ಬಂದಳು. ಮಾವನ ಮನೆಯಿಂದ ಅಳಿಯ ಹಸಿದು ಹೋಗಬಾರದು, ಕುರಿಮಾಂಸ ಬೇಯಿಸು, ನಿಧಾನವಾಗಿ ಬೇಯಲಿ ಎಂದು ಅವಳಿಗೆ ಹೇಳಿದ. ಅತಿಥಿಗಳಿಬ್ಬರೂ ಒಳಗೆ ಹೋಗಿ ದಿಂಬಿಗೊರಗಿದರು.

ಕಡಾಯಿ ಕುದಿಯುತ್ತಲೇ ಇತ್ತು, ಚಹಾ ಬರುತ್ತಲೇ ಇತ್ತು. ಅಂಗಳದಿಂದ ಕಬ್ಬಿಣದ ಸದ್ದು. ಗಾಡಿ ಕೊಡುವ ಮೊದಲು ಮಾವ ನಟ್ಟು ಬಿಗಿಮಾಡುತ್ತಿದ್ದಾರೆ, ಎಷ್ಟಾದರೂ ಅಮ್ಮನ ತಮ್ಮ ಎಂದು ಬಾಗ್ಲಾನ್ ಅಜ್ಜನ ಮುಂದೆ ಕರಗಿ ನೀರಾದ.

ಹೊರಗೆ ಎಸಿರ್ಕೆಪ್ ತನ್ನ ಮೂರು ಚಳಿಗಾಲಗಳನ್ನು ತಾನೇ ಬಿಚ್ಚುತ್ತಿದ್ದ. ಒಂದೊಂದು ಬೋಲ್ಟೂ ಅವನ ಹಲ್ಲು ಕಿತ್ತ ಹಾಗೆ ಬಂತು. ತೊಟ್ಟಿಲು ಬೇರೆಯಾಯಿತು. ಚಕ್ರಗಳು, ಸೀಟು, ಟ್ಯಾಂಕು, ಎಡ ಸಿಲಿಂಡರು, ಬಲ ಸಿಲಿಂಡರು. ಪ್ರತಿಯೊಂದಕ್ಕೂ ಅದರದೇ ಬೈಗುಳ ಹೇಳಿ, ಮಗುವನ್ನು ಮಲಗಿಸುವಂತೆ ಕಂಬಳಿಯ ಮೇಲೆ ಮಲಗಿಸಿದ. ಊಟ ಮುಗಿಸಿ ಹೊರಬಂದ ಬಾಗ್ಲಾನ್‌ಗೆ ಕಂಡದ್ದು ಅಂಗಳ ತುಂಬಿದ ಕಬ್ಬಿಣದ ಅಂಗಡಿ.

"ಆರಿಸ್ಕೋ. ಒಂದು," ಎಂದ ಮಾವ.

ಬಾಗ್ಲಾನ್ ಅಜ್ಜನ ಮುಖ ನೋಡಿದ. ಅಜ್ಜ ಹಲ್ಲಿನ ಸಂದಿಯ ಮಾಂಸದೊಡನೆ ಹೋರಾಡುತ್ತ ಕಂಬಳಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. "ಬಿಚ್ಚಿ ಕೆಳಗಿಟ್ಟಿದಾನಲ್ಲಪ್ಪ," ಎಂದ.

ಹೆಡ್‌ಲೈಟಿಗೋ ಹಾರನ್ನಿಗೋ ಈ ಪೆದ್ದ ಕೈ ಹಾಕಲಿ ಎಂದು ಎಸಿರ್ಕೆಪ್ ಉಸಿರು ಹಿಡಿದಿದ್ದ. ಆದರೆ ಬಾಗ್ಲಾನ್ ಅತ್ಯಂತ ಹೊಳೆಯುವ ವಸ್ತುವಿಗೆ ಕೈ ಹಾಕಿದ. ಬೆಳ್ಳಿಯ ಬಳ್ಳಿಯ ನೀಲಿ ಟ್ಯಾಂಕನ್ನು ಅಪ್ಪಿಕೊಂಡು, ಮುಖ ದಪ್ಪ ಮಾಡಿಕೊಂಡು ಗೇಟು ದಾಟಿದ. ಎಸಿರ್ಕೆಪ್‌ನಿಗೆ ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ನೆಲ ಯಾಕೆ ನೋಡ್ತೀರಿ? ಬಳ್ಳಿ ಬಿಡಿಸಿದ ಕೈ ನಂದು ಇಲ್ಲೇ ಇದೆ, ಅವನೇನು ಅದನ್ನ ಕಿತ್ಕೊಂಡು ಹೋಗ್ಲಿಲ್ಲ. ಮಳೆ ಬರೋದರೊಳಗೆ ಜೋಡಿಸಿ," ಎಂದಳು ಕುಲ್ಯಾಷ್. ಪಾತ್ರೆಗಳನ್ನು ಮಾತ್ರ ಅವತ್ತು ಬಹಳ ಜೋರಾಗಿ ತೊಳೆದಳು.

ಮುಂದಿನ ಭಾನುವಾರ ಗಾಡಿ ಮತ್ತೆ ಎದ್ದು ನಿಂತಿತು. ಟ್ಯಾಂಕಿನ ಜಾಗದಲ್ಲಿ ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ತಲೆಕೆಳಗಾಗಿ ತೂಗುತ್ತಿತ್ತು, ಅದರಿಂದ ಒಂದು ರಬ್ಬರ್ ಕೊಳವೆ. ಎಸಿರ್ಕೆಪ್ ಅದನ್ನೇರಿ ನೇರ ಅಕ್ಕನ ಮನೆಗೆ ದಂಡೆತ್ತಿ ಹೋದ. ಮನೆಯ ಸುತ್ತ ಧೂಳೆಬ್ಬಿಸಿ ಸುತ್ತಿದ, ಮತ್ತೆ ಸುತ್ತಿದ. ಕಿಟಕಿಯಲ್ಲಿ ನೀಲಿ ಟ್ಯಾಂಕು ಮಂಕಾಗಿ ಕೂತಿತ್ತು. ಬರೀ ಟ್ಯಾಂಕು ಹೋಟೆಲಿನವನಿಗೆ ಬೇಡವಾಗಿತ್ತು. ರಾಬಿಗಾ ಸೌಟು ಹಿಡಿದು ಹೊರಬಂದು, ಕೋಳಿಗಳು ಮೊಟ್ಟೆ ನಿಲ್ಲಿಸುತ್ತವೆ, ಅಪ್ಪನ ಹೆಸರು ಕೆಡಿಸಬೇಡ ಎಂದು ತಮ್ಮನನ್ನು ಬೈದಳು. ತಮ್ಮ ಎರಡರಷ್ಟು ಬೈದ. ಮೂರೂ ಮುಗಿಸಿದ ಬಾಗ್ಲಾನ್ ಹೊರಗೆ ತಲೆ ಹಾಕಲಿಲ್ಲ.

ಬಂದವಳು ಅವನ ತಂಗಿ ಮೆರುಯೆರ್ತ್, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಕೊಳವೆಯನ್ನು ಮುಟ್ಟಿ ನೋಡಿ, ತಲೆ ಓರೆ ಮಾಡಿ ಕೇಳಿದಳು:

"ಮಾವ, ಹೆಣ್ಣುಮಕ್ಕಳಿಗೂ ಮೂರು ಉಂಟಲ್ವಾ? ನಾನು ಒಂದೂ ಕೇಳಿಲ್ಲ."

ಎಸಿರ್ಕೆಪ್ ಅಕ್ಕನನ್ನು ನೋಡಿದ, ಆಕಾಶ ನೋಡಿದ, ಜೇಬಿನಲ್ಲಿ ಸ್ಪ್ಯಾನರು ತಡವಿದ.

"ತೊಟ್ಟಿಲಲ್ಲಿ ಕೂತ್ಕೋ," ಎಂದು ಗುಡುಗಿದ. "ಊರು ಸುತ್ತಿಸ್ತೀನಿ. ಬಾಯಿ ಬಿಟ್ಟು ಏನಾದ್ರೂ ಕೇಳಿದ್ಯೋ, ಹೊಳೆ ಮಧ್ಯ ಇಳಿಸಿ ಬರ್ತೀನಿ."