ಭೀಮಕ್ಕನ ಗಾಲ್ಫ್ ಅಂಗಳ

ಬೆಳಕು ಹರಿಯುವ ಮೊದಲು ಭೀಮಕ್ಕ ಕೊಟ್ಟಿಗೆಯ ಸಗಣಿ ಬಾಚಿ, ಒಲೆಯ ಬೂದಿ ತೆಗೆದು, ಬಾವಿಯಿಂದ ನೀರು ತಂದು ಹಂಡೆ ತುಂಬಿ, ರಾಗಿ ಬೀಸಿ, ಅತ್ತೆಗೆ ಬಿಸಿನೀರು ಕಾಯಿಸಿ, ಎಮ್ಮೆ ಕರೆದು, ಅಂಗಳ ಸಾರಿಸುತ್ತಿದ್ದಳು. ಆಮೇಲೆ ಮಗಳು ಇಂದ್ರಿಯನ್ನು ಎತ್ತಿಕೊಂಡು ಬಂದು ಒರಳಿನ ಪಕ್ಕ ಚಾಪೆಯ ಮೇಲೆ ಕೂರಿಸುವಳು. ನಾಲ್ಕನೆಯ ವರ್ಷದಲ್ಲಿ ಬಂದ ಜ್ವರ ಇಂದ್ರಿಯ ಎರಡೂ ಕಾಲುಗಳ ಬಲವನ್ನು ಒಯ್ದಿತ್ತು.

ಗೌಡಗೆರೆ ಕಡೆಯ ಆ ಹಳ್ಳಿಯಲ್ಲಿ ಗಾಲ್ಫ್ ಎಂಬ ಮಾತು ಗೊತ್ತಿದ್ದದ್ದು ಅವಳ ಗಂಡ ಸಣ್ಣರಂಗಯ್ಯನೊಬ್ಬನಿಗೇ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ದೊರೆಗಳ ಆಟದ ಚೀಲ ಹೊತ್ತವನು ಅವನು. ೧೯೫೭ರ ಒಂದು ಸಂಜೆ ಊಟಕ್ಕೆ ಕೂತು ಮಗಳಿಗೆ ಹೇಳುತ್ತಿದ್ದ.

"ಹುಲ್ಲಿನ ಬಯಲು ಕಣವ್ವ. ಚೆಂಡು ಹೊಡೀತಾರೆ, ಅದರ ಹಿಂದೆ ನಡೀತಾರೆ. ಗುಂಡಿಗೆ ಬೀಳೋಗಂಟ ಅದೇ ಕೆಲ್ಸ. ಮಧ್ಯೆ ಬೇಕಂತ್ಲೇ ಹೊಂಡ ತೋಡಿರ್ತಾರೆ, ದಿಬ್ಬ ಎಬ್ಬಿಸಿರ್ತಾರೆ."

"ಬೇಕಂತ್ಲೇನಾ?" ಭೀಮಕ್ಕ ಮುದ್ದೆ ಇಡುತ್ತಾ ಕೇಳಿದಳು. "ಅದನ್ನೆಲ್ಲ ಸಾರ್ಸೋಳು ಯಾರೋ ಪಾಪ."

ಇಂದ್ರಿ ಸಾರು ನೆತ್ತಿಗೇರುವಂತೆ ನಕ್ಕಳು. ಆ ನಗು ಇನ್ನೊಮ್ಮೆ ಕೇಳಬೇಕೆಂದೇ ಭೀಮಕ್ಕ ಅಂಗಳಕ್ಕೆ ಕೈ ಹಾಕಿದಳು.

ಹುತ್ತದ ಮಣ್ಣು ಕಲಸಿ ದಿಬ್ಬ ಎಬ್ಬಿಸಿದಳು. ಒಡೆದ ಮಡಕೆಗಳ ಕಂಠವನ್ನು ಸಾಲಾಗಿ ಹೂತು ಸುರಂಗ ಮಾಡಿದಳು. ಬಚ್ಚಲ ಕಾಲುವೆಗೆ ತೆಂಗಿನ ಚಿಪ್ಪುಗಳ ಚಕ್ರ ಕೂರಿಸಿದಳು. ಯಾರಾದರೂ ಸ್ನಾನಕ್ಕೆ ಕೂತರೆ ಅದು ತಿರುಗಿ ಚೆಂಡನ್ನು ಆಚೆ ದಡಕ್ಕೆ ದಾಟಿಸುತ್ತಿತ್ತು. ಗುಂಡಗಿನ ಗಜ್ಜುಗದ ಬೀಜವೇ ಚೆಂಡು, ಸವೆದ ಸೌಟೇ ಕೋಲು. ಗುಂಡಿ ತಪ್ಪಿದ ಗಜ್ಜುಗ ಎಲ್ಲೆಲ್ಲೋ ಸುತ್ತಿ ಕೊನೆಗೆ ಇಂದ್ರಿಯ ಚಾಪೆಯ ಬಳಿಗೇ ಉರುಳಿ ಬರುವಂತೆ ಇಡೀ ಅಂಗಳಕ್ಕೆ ಇಳಿಜಾರು ಕೊಟ್ಟಳು.

"ಇದ್ಯಾವ ಗಾಲ್ಫೇ? ಚೆಂಡು ದೂರ ಹೋಗ್ಬೇಕು," ಎಂದ ಸಣ್ಣರಂಗಯ್ಯ.

"ದೂರ ಹೋದ್ರೆ ಎತ್ಕೊಡೋಕೆ ನೀನಿರ್ತೀಯಾ? ನಾನು ಹಿಟ್ಟಿನ ಕೈಲಿ ಎದ್ದು ಬರ್ಲಾ?"

"ಅಪ್ಪ ದೊರೆಗಳಿಗೆ ಮಾತ್ರ ಎತ್ಕೊಡೋದು ಕಣವ್ವ," ಎಂದಳು ಇಂದ್ರಿ.

ಇಂದ್ರಿ ಚಾಪೆಯ ಮೇಲೆ ಕೂತೇ ಎರಡು ವರ್ಷ ಆಡಿದಳು. ಆಮೇಲಿನ ಆಷಾಢದ ಗಾಳಿಗೆ ಅವಳ ಎದೆ ಕಟ್ಟಿತು. ಶಿರಾದ ಆಸ್ಪತ್ರೆಗೆ ಗಾಡಿ ಕಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಭೀಮಕ್ಕ ದಿಬ್ಬಗಳನ್ನು ಸಾರಿಸುವುದು ಬಿಡಲಿಲ್ಲ. ಬಿರುಕು ಬಿಟ್ಟಲ್ಲಿ ಬೆರಳಿನಿಂದ ಮೆತ್ತುತ್ತಿದ್ದಳು. ಮನೆಯವರು ನೋಡಿಯೂ ನೋಡದಂತಿದ್ದರು. ಕಾರ್ತೀಕದಲ್ಲಿ ಕಡಲೆಕಾಯಿ ಕಿತ್ತು ಮನೆಗೆ ತಂದರು.

"ಕಾಯಿ ಒಣಗಾಕಾದೆಲ್ಲಿ, ನನ್ನ ತಲೆ ಮ್ಯಾಲಾ?" ಎಂದಳು ಅತ್ತೆ ಕೆಂಪಕ್ಕ. "ಆಡೋ ಕೂಸೇ ಹೋಯ್ತು. ಆ ಗುಡ್ಡೆಗಳನ್ನ ಇಟ್ಕಂಡು ಏನ್ ಮಾಡ್ತೀಯೇ?"

ಸಣ್ಣರಂಗಯ್ಯ ಹೆಂಡತಿಯ ಮುಖ ನೋಡಲಿಲ್ಲ. "ಹೊಲದಿಂದ ಬಂದು ಗುದ್ಲಿ ಹಾಕಿ ಸಮ ಮಾಡ್ಬುಡ್ತೀನಿ. ನೀನೇನೂ ಮಾಡ್ಬ್ಯಾಡ."

ಆ ಮನೆಯಲ್ಲಿ ಅವಳಿಗೆ ಯಾರಾದರೂ ಮಾಡಬೇಡ ಎಂದದ್ದು ಅದೇ ಮೊದಲು.

ಇಬ್ಬರೂ ಹೊಲಕ್ಕೆ ಹೋದ ಮೇಲೆ ಭೀಮಕ್ಕ ಜಗಲಿಯ ಮೇಲಿನ ಕಾಯಿಯ ರಾಶಿ ನೋಡಿದಳು, ತಲೆಯೆತ್ತಿ ಮನೆಯ ಮಟ್ಟಸವಾದ ಮಾಳಿಗೆ ನೋಡಿದಳು. ಅಲ್ಲೂ ಬಿಸಿಲು ಚೆನ್ನಾಗಿಯೇ ಬೀಳುತ್ತಿತ್ತು. ಆದರೆ ಅಲ್ಲಿ ಹರವಿದರೆ ಬೆಳಿಗ್ಗೆ ಒಂದೊಂದೇ ಮಂಕರಿ ಹೊತ್ತು ಏಣಿ ಹತ್ತಬೇಕು, ಇಬ್ಬನಿ ಬೀಳುವ ಮೊದಲು ಒಂದೊಂದೇ ಇಳಿಸಬೇಕು. ಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನುವವರೆಗೂ ದಿನಾ ಹೀಗೆ. ಆ ಕೆಲಸಕ್ಕೆ ಇನ್ನೊಬ್ಬರು ಕೈ ಜೋಡಿಸುವುದಿಲ್ಲ.

ಅವಳು ಯಾರನ್ನೂ ಕೇಳಲಿಲ್ಲ. ಏಣಿಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ಮಂಕರಿಯನ್ನು ತಲೆಯ ಮೇಲೆ ಹೊತ್ತಳು.