ಸೋಮವಾರ ಮಣ್ಣು ಮುಟ್ಟದವರು

ಕಳೆದ ಭಾನುವಾರ ಬೆಳಗ್ಗೆ ನಮ್ಮ ಜೆ.ಪಿ. ನಗರದ ಮನೆಯ ಮುಂದೆ ಯಾವುದೋ ಪೈಪು ಹಾಕಲು ರಸ್ತೆ ಅಗೆದರು. ಈ ಊರಲ್ಲಿ ರಸ್ತೆ ಅಗೆಯುವುದು ಹೊಸದೇನಲ್ಲ, ಮುಚ್ಚಿದರೆ ಅದು ಸುದ್ದಿ. ಡಾಂಬರು, ಜಲ್ಲಿ ಎಲ್ಲ ಕಿತ್ತು ಪಕ್ಕಕ್ಕೆ ಹಾಕಿದ ಮೇಲೆ ಕೆಳಗಿನ ಕೆಂಪು ಮಣ್ಣು ಕಾಣಿಸಿತು. ಹಿಂದಿನ ದಿನದ ಮಳೆಗೆ ಒದ್ದೆಯಾಗಿತ್ತೇನೋ, ಅದರ ವಾಸನೆ ಕಿಟಕಿಯಿಂದ ನೇರ ನನ್ನ ಹಾಸಿಗೆಗೇ ಬಂತು. "ಭಾನುವಾರಾನೂ ಬಿಡಲ್ವಲ್ಲ ಇವ್ರು" ಎಂದು ಅಡುಗೆಮನೆಯಲ್ಲಿ ನನ್ನ ಹೆಂಡತಿ ಗೊಣಗಿದಳು. ಗೊಣಗಿದವಳು ಥಟ್ಟನೆ ಸುಮ್ಮನಾದಳು. ಇಬ್ಬರಿಗೂ ಒಬ್ಬರೇ ನೆನಪಾಗಿದ್ದರು...

ಕುಮಾರಸ್ವಾಮಿ ಲೇಔಟಿನ ಅಂಚಿನಲ್ಲಿ ಹಿಂದೆ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಕೆಳಗಡೆ ಅವರು ಮತ್ತು ಅವರ ಮನೆಯಾಕೆ, ಮಹಡಿಯ ಮೇಲೆ ನಾವು ಗಂಡ ಹೆಂಡತಿ. ಬಡಾವಣೆ ಆಗುವುದಕ್ಕೆ ಮುಂಚೆ ಅಲ್ಲಿದ್ದ ಹಳ್ಳಿಯ ಒಕ್ಕಲು ಅವರದು. ಹೊಲಗಳೆಲ್ಲ ರಸ್ತೆ, ಸೈಟು, ಮನೆ ಆಗಿಹೋದ ಮೇಲೂ ಪಕ್ಕದ ಒಂದು ಸೈಟನ್ನು ಮಾತ್ರ ಕಟ್ಟದೆ ಹಾಗೇ ಉಳಿಸಿಕೊಂಡಿದ್ದರು. ಅಲ್ಲಿ ಅವರೆಕಾಯಿ ಹಾಕುತ್ತಿದ್ದರು, ದಂಟು ಸೊಪ್ಪು, ಕಾಂಪೌಂಡಿನ ಉದ್ದಕ್ಕೂ ಮುಸುಕಿನ ಜೋಳ. ಎಪ್ಪತ್ತು ದಾಟಿದ ಮನುಷ್ಯ ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡು ಗುದ್ದಲಿ ಹಿಡಿದರೆಂದರೆ ಬಿಸಿಲೇರುವ ತನಕ ಬಗ್ಗಿದ ಸೊಂಟ ಎತ್ತುತ್ತಿರಲಿಲ್ಲ.

ಆ ಸೈಟು ಇದ್ದದ್ದು ನಮ್ಮ ಮಲಗುವ ಕೋಣೆಯ ಕಿಟಕಿಯ ಕೆಳಗೆ. ಭಾನುವಾರ ಆರು ಗಂಟೆಗೆಲ್ಲ ಗುದ್ದಲಿ ಶುರು. ಆಗ ನಾನು ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿದ್ದೆ. ವಾರವಿಡೀ ಬಸ್ಸಲ್ಲಿ ನೇತಾಡಿ ಬಂದವನಿಗೆ ಇದ್ದದ್ದು ಅದೊಂದೇ ಬೆಳಗ್ಗೆ. ಒಂದು ದಿನ ತಡೆಯಲಾರದೆ ಕಿಟಕಿಯಿಂದಲೇ, "ಯಜಮಾನ್ರೇ, ಭಾನುವಾರ ಒಂದಿನ ಆದ್ರೂ ರೆಸ್ಟ್ ತಗೊಳ್ಳಿ" ಎಂದೆ. ನನ್ನ ರೆಸ್ಟಿನ ಚಿಂತೆಯನ್ನು ಅವರ ಮೇಲಿನ ಕಾಳಜಿಯ ಥರ ಹೇಳುವ ಜಾಣತನ ನನ್ನದು.

ಅವರು ತಲೆಯೆತ್ತಿ ನಕ್ಕರು. "ಭಾನ್ವಾರ ಆಫೀಸ್ನೋರ ರಜ ಸಾಮಿ. ನಮ್ದು ಸೋಮ್ವಾರ. ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ."

"ಎತ್ತು ಎಲ್ಲಿದಾವೆ ಈಗ?"

"ಎತ್ತಿಲ್ದಿದ್ರೆ ವಾರ ಇಲ್ವಾ?" ಎಂದವರೇ ಮತ್ತೆ ಬಗ್ಗಿದರು.

ಮಾತಿಗೆ ತಪ್ಪುವವರಲ್ಲ. ಎತ್ತುಗಳನ್ನು ಮಾರಿ ಯಾವ ಕಾಲವಾಗಿತ್ತೋ, ಆದರೂ ಸೋಮವಾರ ಅವರು ಮಣ್ಣು ಮುಟ್ಟುತ್ತಿರಲಿಲ್ಲ. ಕುಂಡದಲ್ಲಿದ್ದ ತುಳಸಿಯ ಬುಡವನ್ನೂ ಕೆದಕುತ್ತಿರಲಿಲ್ಲ. ಸ್ನಾನ ಮಾಡಿ, ಮಡಿ ಪಂಚೆಯುಟ್ಟು, ಬಸ್ಸು ಹತ್ತಿ ಬಸವನಗುಡಿಗೆ ಹೋಗಿ ದೊಡ್ಡ ಬಸವಣ್ಣನಿಗೆ ಕೈಮುಗಿದು ಬರುವುದು, ಉಂಡು ಜಗುಲಿಯ ಮೇಲೆ ಮಲಗುವುದು. ನಾನೂ ಹೆಂಡತಿಯೂ ಮೇಲೆ ಕೂತು ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು.

ಆಮೇಲೆ ಫ್ಯಾಕ್ಟರಿ ಮುಚ್ಚಿತು. ಒಂದು ದಿನ ಗೇಟಿಗೆ ಹೋದರೆ ಬೀಗ, ಅಷ್ಟೇ. ಅದನ್ನು ಮನೆಗೆ ಬಂದು ಹೇಳಬೇಕಿತ್ತು... ಹೇಳಲಿಲ್ಲ. ಸಂಜೆ ಹೇಳೋಣ ಅಂದುಕೊಂಡೆ, ಸಂಜೆ ಅವಳ ಮುಖ ನೋಡಿ ನಾಳೆ ಅಂದುಕೊಂಡೆ. ಅಷ್ಟರಲ್ಲಿ ಹೊಸದೊಂದು ಸಿಕ್ಕಿಬಿಡುತ್ತದೆ, ಹೇಳುವ ಪ್ರಮೇಯವೇ ಬರುವುದಿಲ್ಲ ಎಂಬ ಹುಚ್ಚು ಧೈರ್ಯ. ದಿನಾ ಟಿಫನ್ ಬಾಕ್ಸ್ ತೆಗೆದುಕೊಂಡು ಹೊರಡುತ್ತಿದ್ದೆ. ಬೆಳಗ್ಗೆ ಅಲ್ಲಿ ಇಲ್ಲಿ ಕೆಲಸ ಕೇಳುವುದು, ಮಧ್ಯಾಹ್ನ ಯಾವುದಾದರೂ ಪಾರ್ಕಿನಲ್ಲಿ ಕೂತು ಅವಳು ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುವುದು. ತಿಂಗಳ ಕೊನೆಗೆ ಸಾಲ ತಂದು ಸಂಬಳವೆಂದು ಅವಳ ಕೈಗಿಡುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಭಾನುವಾರ. ಅವಳು ಬಿಸಿನೀರು ಕಾಯಿಸಿ, ತಲೆಗೆ ಎಣ್ಣೆ ಹಚ್ಚಿ, ಕೋಳಿಸಾರು ಮಾಡಿ ಬಡಿಸುತ್ತಿದ್ದಳು. ಫೋನಿನಲ್ಲಿ ತವರಿನವರಿಗೆ ಪಿಸುದನಿಯಲ್ಲಿ, "ಮಲಗಿದಾರೆ, ಪಾಪ, ಸಿಗೋದೇ ಒಂದಿನ" ಎನ್ನುತ್ತಿದ್ದಳು. ನಾನು ಮುಸುಕೆಳೆದು ಎಚ್ಚರವಾಗಿಯೇ ಬಿದ್ದಿರುತ್ತಿದ್ದೆ. ವಾರವೆಲ್ಲ ಬೆಂಚಿನ ಮೇಲೆ ಕೂತು ಬಂದವನಿಗೆ ಏನು ದಣಿವು, ಎಂಥ ರೆಸ್ಟು? ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಕಿಟಕಿಯ ಕೆಳಗೆ ಮಾತ್ರ ಗುದ್ದಲಿ ತನ್ನ ಪಾಡಿಗೆ ತಾನು ನಡೆದಿರುತ್ತಿತ್ತು.

ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಅಷ್ಟು ದೊಡ್ಡ ಊರಲ್ಲಿ ಬಚ್ಚಿಟ್ಟುಕೊಳ್ಳಲು ಪಾರ್ಕುಗಳಿಗೆ ಬರವೇ? ಒಂದು ಸೋಮವಾರ ಹೋಗಿ ಹೋಗಿ ಬಸವಣ್ಣನ ಗುಡಿಯ ಪಕ್ಕದ ಬಂಡೆಗಳ ಪಾರ್ಕಿನಲ್ಲೇ ಡಬ್ಬಿ ಬಿಚ್ಚಿ ಕೂತಿದ್ದೇನೆ. ಹಣೆಗೆ ವಿಭೂತಿ, ಕೈಯಲ್ಲಿ ಅರ್ಧ ತೆಂಗಿನಕಾಯಿ ಹಿಡಿದು ಯಜಮಾನರು ಎದುರಿಗೇ ಬಂದರು. ನನ್ನ ಬಾಯಲ್ಲಿ ತುತ್ತು. ಅವರು ಬ್ಯಾಗು ನೋಡಿದರು, ಡಬ್ಬಿ ನೋಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಪಕ್ಕದಲ್ಲಿ ಕೂತು ಕಾಯಿಚೂರು ಮುರಿದು ನನ್ನ ಅನ್ನದ ಮೇಲಿಟ್ಟು, "ಪ್ರಸಾದ, ತಿನ್ನಿ" ಎಂದರು. ಎಷ್ಟು ದಿನವಾಯ್ತು, ಏನು ಕತೆ, ಒಂದನ್ನೂ ಕೇಳಲಿಲ್ಲ. ನಾನೇ "ಮನೇಲಿ..." ಎಂದು ಬಾಯಿ ತೆರೆದೆ. "ನಂಗ್ಯಾಕೆ ಸಾಮಿ ನಿಮ್ಮನೆ ವಿಚಾರ" ಎಂದು ಎದ್ದು ಹೋದರು.

ಮುಂದಿನ ಭಾನುವಾರ ಬೆಳಗ್ಗೆ ಕಿಟಕಿಯ ಕೆಳಗಿನಿಂದ ಕರೆ ಬಂತು. "ಸಾಮೀ, ಒಸಿ ಬನ್ನಿ. ಕಳೆ ಜಾಸ್ತಿ ಆಗದೆ, ಒಬ್ಬನ ಕೈಲಿ ಆಗಲ್ಲ." ಹೆಂಡತಿ ಹುಬ್ಬು ಗಂಟಿಕ್ಕಿದಳು. ನಾನು ಮಾತ್ರ ಹಳೇ ಪ್ಯಾಂಟು ಹಾಕಿಕೊಂಡು ಓಡಿದೆ. ಕಳೆ ಅಂಥದ್ದೇನೂ ಇರಲಿಲ್ಲ. ಆದರೂ ಆ ದಿನ ಬೆವರಿಳಿಸಿ ಮೇಲೆ ಬಂದು ಉಂಡ ಊಟ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಮಧ್ಯಾಹ್ನ ನಿಜವಾಗಿಯೂ ನಿದ್ದೆ ಬಂತು. ಅಲ್ಲಿಂದ ಪ್ರತಿ ಭಾನುವಾರ ಕರೆ ಬರುತ್ತಿತ್ತು, ನಾನು ಹೋಗುತ್ತಿದ್ದೆ. ಅವರು ಅಗೆದಷ್ಟು ಅಗೆಯಲಾಗದೆ ಒದ್ದಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ.

ನನ್ನ ಅಂಗೈಯ ಬೊಬ್ಬೆ ಹೆಂಡತಿಯ ಕಣ್ಣಿಗೆ ಬಿದ್ದ ಭಾನುವಾರ ಅವಳ ತಾಳ್ಮೆ ತಪ್ಪಿತು. ಸೆರಗು ಸಿಕ್ಕಿಸಿಕೊಂಡು ದಡದಡನೆ ಇಳಿದು ಬಂದವಳು ಸೈಟಿನ ಬಾಗಿಲಲ್ಲೇ ನಿಂತು ಶುರು ಮಾಡಿದಳು.

"ಏನ್ ಯಜಮಾನ್ರೇ, ನಿಮ್ಗಾದ್ರೆ ಸೋಮವಾರ ರಜ ಇದೆ. ಇವ್ರಿಗಿರೋದೊಂದು ಭಾನುವಾರ. ವಾರವೆಲ್ಲ ಆಫೀಸಲ್ಲಿ ಸತ್ತು ಸುಣ್ಣ ಆಗಿ ಬರ್ತಾರೆ. ಬಾಡಿಗೆಗಿದ್ದೀವಿ ಅಂತ ಆಳು ಅಂದ್ಕೊಂಡ್ರಾ? ದೊಡ್ಡೋರು, ನಿಮ್ಗೇ ಗೊತ್ತಾಗ್ಬಾರ್ದಾ?"

ಎದುರು ಮನೆಯ ಬಾಲ್ಕನಿಗೆ ಜನ ಬಂದರು. ಹಾಲು ತರಲು ಹೊರಟಿದ್ದವರು ನಿಂತರು. ಯಜಮಾನರು ಗುದ್ದಲಿ ಕೆಳಗಿಟ್ಟು, ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ತಮ್ಮ ಮಣ್ಣಿನ ಮೇಲೆ ನಿಂತು, ತಮ್ಮ ಬಾಡಿಗೆಯವಳಿಂದ ಅಷ್ಟು ಮಾತು ಕೇಳಿಸಿಕೊಂಡು, "ತೆಪ್ಪಾಯ್ತು ಕಣವ್ವ. ಕರ್ಕೊಂಡೋಗು" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಆಫೀಸಿಲ್ಲ ಕಣೇ" ಎಂದೆ. "ಫ್ಯಾಕ್ಟರಿ ಯಾವತ್ತೋ ಮುಚ್ಚೋಯ್ತು. ನಂಗೆ ಕೆಲಸ ಇಲ್ಲ." ಮೆಲ್ಲಗೆ ಹೇಳಬೇಕೆಂದುಕೊಂಡ ಮಾತು ಬೀದಿಗೆಲ್ಲ ಕೇಳುವ ಹಾಗೆ ಬಾಯಿಂದ ಬಂತು. ಬಾಲ್ಕನಿಯಲ್ಲಿ ಯಾರೋ "ಅಯ್ಯೋ" ಎಂದರು. ಹೆಂಡತಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ ಮೇಲಕ್ಕೆ ಹೋಗಿಬಿಟ್ಟಳು.

ಆಗ ಸಿಟ್ಟು ಬಂದದ್ದು ಯಜಮಾನರಿಗೆ. "ಥೂ! ಬೀದೀಲಿ ಹೇಳೋ ಮಾತೇನ್ರೀ ಇದು? ನಾನು ಬೈಸ್ಕೊಂಡಿದ್ನಲ್ಲ, ಅಷ್ಟಕ್ಕೇ ಮುಗೀತಿತ್ತು."

ನಾನು ಮಹಡಿ ಹತ್ತಿ ಹೋದಾಗ ಅವಳು ಅಳಲಿಲ್ಲ, ಕೂಗಾಡಲಿಲ್ಲ. ಗೋಡೆಗೊರಗಿ ಕೂತಿದ್ದಳು. "ಅವ್ರಿಗೆ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ" ಎಂದಳು. ಆಮೇಲೆ, "ಆ ವಯಸ್ಸಾದೋರಿಗೆ ಏನೆಲ್ಲ ಅಂದ್ಬಿಟ್ಟೆ..." ಎಂದು ಮುಖ ಮುಚ್ಚಿಕೊಂಡಳು. ಅವಳೂ ತಲೆ ತಗ್ಗಿಸುವ ಹಾಗೆ ನಾನು ಮಾಡಿದ್ದೆ.

ಮಾರನೆಯ ದಿನ ಸೋಮವಾರ. ಬ್ಯಾಗು ಮೊಳೆಯಲ್ಲಿ ನೇತಾಡುತ್ತಿತ್ತು. ಹೊರಗೆ ಹೋದರೆ ಬೀದಿಯ ಕಣ್ಣು, ಒಳಗಿದ್ದರೆ ಅವಳ ಮೌನ. ಕೆಲಸವಿಲ್ಲದ ಗಂಡಸು ಸೋಮವಾರ ಬೆಳಗ್ಗೆ ಮನೆಯಲ್ಲಿ ಎಲ್ಲಿ ಕೂರಬೇಕು ಎಂಬುದೇ ಗೊತ್ತಾಗುವುದಿಲ್ಲ. ಹೀಗಿರುವಾಗ ಕಿಟಕಿಯ ಕೆಳಗೆ ಗುದ್ದಲಿ ಸದ್ದು ಕೇಳಿತು. ನಾನು ನಂಬಲಿಲ್ಲ. ಎದ್ದು ನೋಡಿದರೆ ಯಜಮಾನರೇ. ಕೆಳಗಿನ ಬಾಗಿಲಲ್ಲಿ ಅವರ ಮನೆಯಾಕೆ ಬಾಯಿ ಬಡಿದುಕೊಳ್ಳುತ್ತಿದ್ದರು. "ಸೋಮ್ವಾರ ಕಣ್ರೀ ಇವತ್ತು! ಏನ್ ಬಂದದೆ ನಿಮ್ಗೆ?"

"ನಂಗೊತ್ತು, ಸುಮ್ಕಿರು" ಎಂದು ಅವರು ನಮ್ಮ ಕಿಟಕಿ ನೋಡಿದರು. ಕರೆಯಲಿಲ್ಲ. ಹೆಂಡತಿ ನನ್ನ ಹಳೇ ಪ್ಯಾಂಟು ತಂದು ಕೈಗಿಟ್ಟು, "ಹೋಗಿ" ಎಂದಳು.

ಇಬ್ಬರೂ ಪಕ್ಕಪಕ್ಕದಲ್ಲಿ ಅಗೆದೆವು. ಬೀದಿಯವರು ಬಂದರು, ಹೋದರು, ಅವರ ಪಾಲಿಗೆ ನಾನೊಬ್ಬ ಕೆಲಸದಲ್ಲಿದ್ದ ಮನುಷ್ಯ. ಬಿಸಿಲೇರಿದಾಗ ಯಜಮಾನರು ನಲ್ಲಿಯ ಕೆಳಗೆ ಕೈಕಾಲು ತೊಳೆದು, ಬಸವನಗುಡಿಯ ದಿಕ್ಕಿಗೆ ತಿರುಗಿ, ಎರಡೂ ಕೆನ್ನೆ ತಟ್ಟಿಕೊಂಡು ತಪ್ಪು ಒಪ್ಪಿಸಿದರು. ತುಟಿ ಅಲ್ಲಾಡುತ್ತಿತ್ತು. ನಾನು ಬೇರೆ ಕಡೆ ನೋಡುತ್ತಾ ನಿಂತೆ. ಜೀವಮಾನವಿಡೀ ನಡೆಸಿಕೊಂಡು ಬಂದದ್ದನ್ನು ಅವರು ನನ್ನಂಥವನಿಗಾಗಿ ಮುರಿದಿದ್ದರು.

ಮಳೆಗಾಲ ಕಳೆಯುವಷ್ಟರಲ್ಲಿ ಪದ್ಮನಾಭನಗರದ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಮೊದಲ ವಾರ ಮುಗಿಸಿ ಭಾನುವಾರ ಬೆಳಗ್ಗೆ ಉತ್ಸಾಹದಿಂದ ಕೆಳಗಿಳಿದು ಹೋದೆ. ಯಜಮಾನರು ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡರು. "ಹೋಗಿ ಮಲೀಕಳಿ ಸಾಮಿ. ಇವತ್ತಿನ ನಿದ್ದೆ ನಿಮ್ದು."

ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಮಲಗಿದವನು ಮಲಗಿಯೇಬಿಟ್ಟೆ. ಆ ಭಾನುವಾರ, ಅದರ ಮುಂದಿನದು, ಅದರ ಮುಂದಿನದು. ಕೆಲಸ ಹೆಚ್ಚು, ಸುಸ್ತು ನಿಜ, ಸುಳ್ಳಲ್ಲ. ಕಿಟಕಿಯ ಕೆಳಗೆ ಗುದ್ದಲಿ ಸದ್ದು ನಿಧಾನವಾಗುತ್ತಾ ಬಂದದ್ದು ಕಿವಿಗೆ ಬೀಳುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಾನು ಮಗ್ಗುಲು ಬದಲಿಸುತ್ತಿದ್ದೆ. ಅವರೂ ಕರೆಯಲಿಲ್ಲ.

ಕರೆದದ್ದು ಒಂದೇ ಸಲ. ಒಂದು ಶನಿವಾರ ಸಂಜೆ ಗೇಟಿನ ಹತ್ತಿರ ಸಿಕ್ಕಾಗ, "ನಾಳೆ ಒಸಿ ಬತ್ತೀರಾ? ಅವರೆ ಹಾಕ್ಬೇಕು, ಸೈಟೆಲ್ಲ ಅಗೀಬೇಕು. ಯಾಕೋ ಕೈಲಿ ಆಯ್ತಿಲ್ಲ" ಎಂದರು. ಈ ಸಲ ಅದು ನನಗಾಗಿ ಹುಡುಕಿದ ಕಳೆಯಲ್ಲ, ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಚಪ್ಪಲಿ ಬಿಡುತ್ತಾ, "ನೋಡೋಣ ಯಜಮಾನ್ರೇ, ವಾರವೆಲ್ಲ ತುಂಬಾ ಸುಸ್ತು" ಎಂದೆ. "ಆಗ್ಲಿ ಆಗ್ಲಿ, ರೆಸ್ಟ್ ತಗಳಿ" ಎಂದು ಅವರು ಒಳಗೆ ಹೋದರು.

ಮಾರನೆಯ ಬೆಳಗ್ಗೆ ಸದ್ದೇ ಇರಲಿಲ್ಲ. ಒಂದು ಸಲ ಎಚ್ಚರವಾಯಿತು. ಕೆಳಗೆ ನಿಶ್ಶಬ್ದ. ಬೇರೆ ಯಾರನ್ನೋ ಗೊತ್ತು ಮಾಡಿಕೊಂಡಿರಬೇಕು, ನಿಧಾನಕ್ಕೆ ಶುರು ಮಾಡುತ್ತಾರೆ ಅಂದುಕೊಂಡು ಹೊದಿಕೆ ಎಳೆದುಕೊಂಡೆ. ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು. ಹೆಂಡತಿ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮೈಮುರಿಯುತ್ತಾ ನಾನೇ ಹೇಳಿದೆ. "ಸಖತ್ ನಿದ್ದೆ ಕಣೇ ಇವತ್ತು. ನಮ್ಮ ಯಜಮಾನ್ರು ಅಂತೂ ನನ್ನ ಮೇಲೆ ದಯೆ ತೋರಿಸಿದ್ರು."

"ಬೆಳಗಿನ ಜಾವ ಆಸ್ಪತ್ರೆಗೆ ಕರ್ಕೊಂಡು ಹೋದ್ರಂತೆ ರೀ" ಎಂದಳು. "ದಾರೀಲೇ ಹೋಗ್ಬಿಟ್ರಂತೆ."

ಅದಾಗಿ ವರ್ಷಗಳೇ ಕಳೆದಿವೆ. ಆ ಸೈಟಿನಲ್ಲೀಗ ನಾಲ್ಕು ಅಂತಸ್ತಿನ ಪಿ.ಜಿ. ಎದ್ದಿದೆ. ಕೆಲಸ ಹೋದ ಕತೆಯನ್ನು ನಾನು ಈಗ ಯಾರ ಮುಂದೆ ಬೇಕಾದರೂ ನಗುತ್ತಾ ಹೇಳುತ್ತೇನೆ, ಅದರಲ್ಲಿ ನಾಚಿಕೆ ಉಳಿದಿಲ್ಲ. ಆ ಭಾನುವಾರ ಹಾಸಿಗೆಯಲ್ಲಿ ಕೂತು ಆಡಿದ ಮಾತನ್ನು ಮಾತ್ರ ಅವಳ ಹೊರತು ಯಾರೂ ಕೇಳಿಲ್ಲ. ಅವಳೂ ಅದನ್ನು ಎಂದೂ ಎತ್ತಿಲ್ಲ. ಅವರು ಹೋದ ಬೆಳಗ್ಗೆ ನಾನು ಸುಖವಾಗಿ ಮಲಗಿದ್ದೆ...