ಕಿಟಕಿಯ ಹೊರಗಿನ ಹುಡುಗ

ಹೋದ ತಿಂಗಳು ಅರಸೀಕೆರೆಯಲ್ಲಿ ಜಾವಗಲ್ ಕಡೆಯ ಬಸ್ಸು ಹತ್ತಿದೆ. ನನ್ನ ಸೀಟಿನ ಕೆಳಗೆ ಯಾರೋ ಖಾಲಿ ಗೋಣಿಚೀಲಗಳ ಕಟ್ಟು ತುರುಕಿದ್ದರು. ಮಂಡಿಗೆ ಕೊಬ್ಬರಿ ಹಾಕಿ ಊರಿಗೆ ಮರಳುತ್ತಿದ್ದ ಚೀಲಗಳು. ಬಿಸಿಲು ಏರಿದಂತೆ ಅವುಗಳಿಂದ ಒಣಕೊಬ್ಬರಿಯ ಜಿಡ್ಡುವಾಸನೆ ಏಳತೊಡಗಿತು. ಥಟ್ಟನೆ ನನಗೆ ಅಕ್ಕೋರು ನೆನಪಾದರು.

ನಮ್ಮೂರ ಸರ್ಕಾರಿ ಶಾಲೆಗೆ ಅವರು ದಿನಾ ಅರಸೀಕೆರೆಯಿಂದ ಬರುತ್ತಿದ್ದರು. ಸೀಟು ಸಿಗದ ದಿನ ಇಂಥ ಚೀಲಗಳ ಮೇಲೆಯೇ ಕೂತು ಬರುತ್ತಿದ್ದರು. ಆ ದಿನವೆಲ್ಲ ಅವರ ಸೀರೆಯಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಊರಿನಲ್ಲಿ ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಅವರು ನಮಗೆ ಸಮಾಜ ಪಾಠ ಮಾಡುತ್ತಿದ್ದರು. ಅದರಲ್ಲೂ ಚರಿತ್ರೆ ಬಂತೆಂದರೆ ಪುಸ್ತಕ ಮುಚ್ಚಿಸಿಬಿಡುತ್ತಿದ್ದರು. ಅವರಿಗಿಂತ ಮೊದಲಿದ್ದ ಮೇಷ್ಟ್ರು ರಾಜರ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು. ಅಕ್ಕೋರು ಬಂದ ಮೇಲೆ ನಾವು ಕೆರೆ ಏರಿಯ ಮೇಲೆ ನಿಂತು, ಈ ಏರಿ ಇಲ್ಲದಿದ್ದಾಗ ನಮ್ಮೂರು ಎಲ್ಲಿದ್ದಿರಬಹುದು ಅಂತ ಜಗಳ ಆಡಿದೆವು. ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. “ಪೋರ್ಷನ್ ಮುಗಿಯೋದು ಯಾವಾಗಮ್ಮ?” ಅಂತ ಹೆಡ್ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಕ್ಕೋರು ನಗುತ್ತಿದ್ದರೇ ಹೊರತು ತಮ್ಮ ದಾರಿ ಬಿಡುತ್ತಿರಲಿಲ್ಲ.

ಆ ವರ್ಷದ ಪ್ರವಾಸ ಬೇಲೂರು, ಹಳೇಬೀಡು. ಬೇಲೂರಿನಲ್ಲಿ ಜನವೋ ಜನ. ಗೈಡ್ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಧ್ಯಾಹ್ನ ಹಳೇಬೀಡಿನ ಗುಡಿಯ ಹುಲ್ಲಿನ ಮೇಲೆ ಚಿತ್ರಾನ್ನ ತಿಂದು ಕೈ ತೊಳೆದ ಮೇಲೆ ಅಕ್ಕೋರು ಒಂದು ಕೆಲಸ ಕೊಟ್ಟರು. ಗೋಡೆಯ ಮೇಲಿನ ಒಂದೇ ಒಂದು ಗೊಂಬೆಯನ್ನು ಆರಿಸಿಕೊಂಡು, ಅದರ ಮುಂದೆ ನಿಂತು, ಅದನ್ನು ಏನು ಕೇಳಬೇಕೆನಿಸುತ್ತದೋ ಯೋಚಿಸಿ ಬರಬೇಕು. ನಾನು ಮದ್ದಳೆ ಬಾರಿಸುವವನನ್ನು ಆರಿಸಿಕೊಂಡೆ. ಅವನಿಗೆ ಕೈ ನೋಯುತ್ತಿರಲಿಲ್ಲವೇ ಅಂತ ಕೇಳಬೇಕೆನಿಸಿತ್ತು. ಅಕ್ಕೋರು ಅದನ್ನೇ ದೊಡ್ಡ ಪ್ರಶ್ನೆ ಎಂಬಂತೆ ತಲೆದೂಗಿ ಕೇಳಿಸಿಕೊಂಡರು.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮಾತ್ರ ಗೋಡೆಯ ಹತ್ತಿರಕ್ಕೂ ಹೋಗಿರಲಿಲ್ಲ. ಅವಳ ಸರದಿ ಬಂದಾಗ ಹುಲ್ಲು ಕೀಳುತ್ತಾ ಕೂತಲ್ಲಿಂದಲೇ ಕೇಳಿದಳು: “ಅಕ್ಕೋರೆ, ನಮ್ಮಜ್ಜ ಇಸ್ಕೂಲಿಗೆ ಬಂದಾಗ ಒಳಕ್ಕೆ ಬುಟ್ಟಿರ್ಲಿಲ್ವಂತೆ. ಕಿಟಕಿ ಆಚೆ ಕೂರುಸ್ತಿದ್ರಂತೆ. ಅದೂ ಚರಿತ್ರೆನಾ?”

ಅವಳ ಕೇರಿ ಯಾವುದು ಅಂತ ನಮಗೆಲ್ಲ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಯಾರೂ ಆಡುತ್ತಿರಲಿಲ್ಲ, ಅಷ್ಟೆ… ಅಕ್ಕೋರು “ಹೌದು ಕಣೇ, ಅದೂ ಚರಿತ್ರೆ. ಯಾವ ಶಾಲೆ, ನಮ್ಮದೇನಾ?” ಅಂದರು.

ನಮ್ಮದೇ.

ಊರಿಗೆ ಮರಳಿದ ಮೇಲೆ ಅವರು ನಮಗೆ ಹೊಸ ಪಾಠ ಹಚ್ಚಿದರು. ನಮ್ಮ ಶಾಲೆಯ ಚರಿತ್ರೆಯನ್ನು ನಾವೇ ಕೇಳಿ ತಿಳಿಯಬೇಕು, ಸ್ಕೂಲ್ ಡೇ ದಿನ ಊರವರ ಮುಂದೆ ಹೇಳಬೇಕು. ಆದರೆ ಮೊದಲು ಅವರೇ ಗೆಳತಿಯ ಮನೆಗೆ ಹೋದರು. ನಾವಿಬ್ಬರೂ ಜೊತೆಗಿದ್ದೆವು. ಅಜ್ಜ ಹಗ್ಗ ಹೊಸೆಯುತ್ತಾ ಕೂತಿದ್ದ. “ಮಕ್ಕಳು ಇದನ್ನ ಎಲ್ಲರೆದುರು ಹೇಳ್ಬಹುದಾ? ನೀವು ಬೇಡ ಅಂದ್ರೆ ಬೇಡ,” ಅಂತ ಅಕ್ಕೋರು ಕೇಳಿದರು.

ಅಜ್ಜ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಹೇಳ್ಲಿ ಬುಡಿ ಅಕ್ಕೋರೆ. ಆದ್ರೆ ಆಚೆ ಕೂತಿದ್ದ ಅಂತ ಅಷ್ಟೇ ಹೇಳ್ಬ್ಯಾಡಿ. ಆಚೆ ಕೂತ್ಕಂಡೇ ಇಪ್ಪತ್ತರ ಮಗ್ಗಿ ಗಂಟ ಕಲ್ತ ಅಂತ್ಲೂ ಹೇಳ್ಲಿ.”

ನನ್ನ ಕಷ್ಟ ಬೇರೆ ಇತ್ತು. ನಮ್ಮ ತಾತನೂ ಅದೇ ಕಾಲದಲ್ಲಿ ಅದೇ ಶಾಲೆಯಲ್ಲಿ ಓದಿದವನು, ಕಿಟಕಿಯ ಒಳಗೆ ಕೂತು. ಆ ಹೊತ್ತಿಗೆ ತೆಂಗಿನ ತೋಟವಿದ್ದ, ಊರಲ್ಲಿ ಮಾತು ನಡೆಯುತ್ತಿದ್ದ ಹಿರಿಯ. ಕೇಳಿದ್ದಕ್ಕೆ, “ಮುಗ್ದೋದ ಮಾತು ಈಗ್ಯಾಕೆ? ಇದನ್ನೇನಾ ನಿಮ್ ಅಕ್ಕೋರು ಹೇಳ್ಕೊಡೋದು?” ಅಂತ ರೇಗಿದ. ಮರುದಿನ ಅಳುಮುಖ ಹೊತ್ತು ಅಕ್ಕೋರ ಮುಂದೆ ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ತಪ್ಪು ಯಾರದು ಅಂತ ಕೇಳ್ಬೇಡ. ತಾತನೂ ಆಗ ನಿನ್ನಷ್ಟೇ ಇದ್ದದ್ದು ಅಲ್ವಾ? ನೀನು ಕೂತ ಕಡೆಯಿಂದ ಕಿಟಕೀಲಿ ಏನು ಕಾಣ್ತಿತ್ತು ತಾತ, ಅಂತ ಕೇಳು.”

ಸಂಜೆ ತಾತ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಹಾಗೆಯೇ ಕೇಳಿದೆ. ತಾತ ಎಲೆ ಮಡಿಸಿದ, ಬಾಯಿಗೆ ಹಾಕಿಕೊಳ್ಳಲಿಲ್ಲ.

“ಅವನ ತಲೆ ಕಾಣ್ತಿತ್ತು ಕಣವ್ವ,” ಅಂದ. “ಮಳೆ ಬಂದ್ರೆ ಸ್ಲೇಟ್ನ ತಲೆ ಮ್ಯಾಲೆ ಹಿಡ್ಕಂಡು ಕೂತಿರೋನು. ಬರ್ದಿದ್ದೆಲ್ಲ ಅಳಿಸೋಗೋದು. ಮಳೆ ನಿಂತ ಮ್ಯಾಲೆ ಮತ್ತೆ ಬರೆಯೋನು…” ತಾತ ಬೀದಿಯ ಕಡೆ ನೋಡಿದ. “ನಂಗೆ ಮಗ್ಗಿ ತಪ್ಪಿದ್ರೆ ಆಚೆಯಿಂದ ಮೆಲ್ಲಗೆ ಹೇಳ್ಕೊಡೋನು. ಮೇಷ್ಟ್ರು ನಂಗೆ ಶಹಬ್ಬಾಸ್ ಅನ್ನೋರು.”

ಅದನ್ನು ಸ್ಕೂಲ್ ಡೇ ದಿನ ಹೇಳಲೇ ಅಂತ ಕೇಳಿದೆ. ತಾತ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹೇಳಿದೆವು. ಗೆಳತಿ ಅಜ್ಜನ ಕಡೆಯಿಂದ, ನಾನು ತಾತನ ಕಡೆಯಿಂದ. ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಹಿರಿಯರು, ಹಿಂದೆ ಹೆಂಗಸರು. ಅಜ್ಜ ಎಲ್ಲರಿಗಿಂತ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಸ್ಲೇಟಿನ ಮಾತು ಬಂದಾಗ ಹೆಂಗಸರ ಕಡೆಯಿಂದ ಯಾರೋ “ಅಯ್ಯೋ ಶಿವನೇ” ಅಂದದ್ದು ಕೇಳಿಸಿತು. ತಾತ ತಲೆ ತಗ್ಗಿಸಿಕೊಂಡಿದ್ದ. ಬಹುಮಾನ ಹಂಚುವ ಹೊತ್ತಿಗೆ ಅವನ ಕುರ್ಚಿ ಖಾಲಿ.

ಮಾರನೆಯ ವಾರ ಶಾಲೆಯಲ್ಲಿ ಹಿರಿಯರ ಮೀಟಿಂಗ್ ನಡೆಯಿತು. ಮಕ್ಕಳ ತಲೇಲಿ ಜಾತಿ ತುಂಬುತ್ತಾರೆ, ಊರಿನ ಮಾನ ಕಳೆದರು, ಪಾಠ ಮಾಡುವುದಿಲ್ಲ ಅಂತೆಲ್ಲ ಕೂಗಾಡಿದರಂತೆ. ಅಕ್ಕೋರು ಹೇಳಿದ್ದು ಒಂದೇ ಮಾತಂತೆ: “ಮಕ್ಕಳಿಗೆ ನಾನು ಏನನ್ನೂ ತುಂಬಲಿಲ್ಲ. ಅವರು ಕೇಳಿದರು. ಕೇಳಿದ್ದು ಸುಳ್ಳಾದರೆ ಹೇಳಿ, ತಿದ್ದಿಸ್ತೀನಿ.” ಸುಳ್ಳು ಅಂತ ಯಾರೂ ಹೇಳಲಿಲ್ಲ. ತಾತ ಆ ಮೀಟಿಂಗಿನಲ್ಲಿ ಉದ್ದಕ್ಕೂ ಬಾಯಿ ಬಿಡಲಿಲ್ಲ ಅಂತ ನಮಗೆ ಆಮೇಲೆ ತಿಳಿಯಿತು.

ನಮ್ಮ ಪರೀಕ್ಷೆ ಮುಗಿಯಿತು, ಪಾಸೂ ಆದೆವು. ಆ ಬೇಸಿಗೆಯಲ್ಲೇ ಅಕ್ಕೋರಿಗೆ ವರ್ಗ ಬಂತು, ಬೇಲೂರು ದಾಟಿ ಅರೇಹಳ್ಳಿ ಕಡೆಯ ಯಾವುದೋ ಶಾಲೆಗೆ. ಆ ಮೀಟಿಂಗಿನಿಂದಲೇ ಬಂತೋ, ತಾನಾಗಿಯೇ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ದಿನ ನಾವು ಬಸ್ಸಿನ ತನಕ ಹೋದೆವು. ತಾತನೂ ಬಂದ. ನನಗೆ ಆಶ್ಚರ್ಯ. ಎಳನೀರು ಕೊಚ್ಚಿ ಅವರ ಕೈಗೆ ಕೊಟ್ಟು, “ಮೀಟಿಂಗ್ನಾಗೆ ನಾನು ಮಾತಾಡ್ಬೇಕಿತ್ತು, ಅಕ್ಕೋರೆ,” ಅಂದ.

“ಮೊಮ್ಮಗಳ ಮುಂದೆ ಮಾತಾಡಿದ್ರಲ್ಲ ಯಜಮಾನ್ರೇ,” ಅಂದರು ಅಕ್ಕೋರು. “ಅದು ಕಷ್ಟ.”

ಆಮೇಲೆ ತಾತ ಮತ್ತು ಗೆಳತಿಯ ಅಜ್ಜ ಬಹಳ ಆಪ್ತರಾದರು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ತಾತ ಅವನನ್ನು ‘ಲೋ’ ಅಂತ ಕೂಗುವುದನ್ನು ಬಿಟ್ಟ. ದಾರಿಯಲ್ಲಿ ಸಿಕ್ಕರೆ ಇಬ್ಬರೂ ನಿಂತು ಮಾತಾಡುತ್ತಿದ್ದರು. ಅಜ್ಜ ಸತ್ತ ದಿನ ತಾತ ಆ ಕೇರಿಗೆ ಹೋಗಿ ಹೊತ್ತು ಮುಳುಗುವವರೆಗೂ ಕೂತಿದ್ದು ಬಂದ. ಹಾಗೆ ಹೋಗಿ ಕೂತದ್ದನ್ನು ನಮ್ಮ ಮನೆಯವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಈಗ ನಾನೂ ಪಾಠ ಮಾಡುವವಳು, ಅದೂ ಚರಿತ್ರೆಯನ್ನೇ. ತರಬೇತಿಗಳಲ್ಲಿ ಮಗುವನ್ನು ಕೇಂದ್ರವಾಗಿಟ್ಟು ಕಲಿಸಬೇಕೆಂದು ದಿನವಿಡೀ ಹೇಳುತ್ತಾರೆ. ಚಟುವಟಿಕೆಗಳ ಹಾಳೆ ಹಂಚುತ್ತಾರೆ. ನಾನು ಕೇಳುತ್ತಾ ಕೂರುತ್ತೇನೆ. ಮಗು ನಿಜವಾಗಿ ಒಂದು ಪ್ರಶ್ನೆ ಕೇಳಿಬಿಟ್ಟರೆ ಮೇಷ್ಟರ ಕೆಲಸಕ್ಕೆ, ಊರಿನ ನಿದ್ದೆಗೆ ಏನಾಗುತ್ತದೆ ಅನ್ನುವುದು ಆ ಹಾಳೆಗಳಲ್ಲಿ ಇರುವುದಿಲ್ಲ…

ಬಸ್ಸಿಳಿದ ಸಂಜೆಯೇ ಗೆಳತಿಗೆ ಫೋನ್ ಮಾಡಿದೆ. ಅವಳು ಹಾಸನದಲ್ಲಿ ನರ್ಸ್. ಅಕ್ಕೋರನ್ನು ಹೋಗಿ ನೋಡೋಣವೆಂದು ಇಬ್ಬರೂ ವಿಚಾರಿಸಿದೆವು. ಕೊನೆಗಾಲದಲ್ಲಿ ಬೇಲೂರಿನಲ್ಲಿ ಅಣ್ಣನ ಮಗನ ಮನೆಯಲ್ಲಿದ್ದರೆಂದೂ ಅವರು ತೀರಿಕೊಂಡು ಒಂದು ವರ್ಷ ದಾಟಿತೆಂದೂ ತಿಳಿಯಿತು. ಆದರೂ ಹೋದೆವು. ಆ ಮನೆಯ ಸೊಸೆ ಕಾಫಿ ಕೊಟ್ಟು, ಅವರು ಕೂರುತ್ತಿದ್ದ ಜಾಗ ತೋರಿಸಿದರು.

ಅಕ್ಕೋರು ಚಿಕ್ಕವರಿದ್ದಾಗ ಯಾವ ಶಾಲೆಗೆ ಹೋಗುತ್ತಿದ್ದರು, ಅಲ್ಲಿ ಅವರನ್ನು ಎಲ್ಲಿ ಕೂರಿಸುತ್ತಿದ್ದರು? ಗೆಳತಿ ಮೆಲ್ಲಗೆ ಕೇಳಿದಳು.

ಸೊಸೆ ನಮ್ಮಿಬ್ಬರ ಮುಖ ನೋಡಿದರು.

“ಗೊತ್ತಿಲ್ಲ ಕಣ್ರೀ. ಅವರೂ ಹೇಳ್ಲಿಲ್ಲ, ನಾವೂ ಯಾವತ್ತೂ ಕೇಳ್ಲಿಲ್ಲ.”